ಒಂದೇ ಡೇಟಾ, ಇಬ್ಬರು, ಎರಡು ಉತ್ತರ

ಈ ಮಳೆಗಾಲದಲ್ಲಿ ಪೆರ್ಲದ ನಮ್ಮ ಮನೆಯಲ್ಲಿ ನಾನೂ ಚಿಕ್ಕಪ್ಪನ ಮಗಳೂ ಒಂದು ಕೆಲಸಕ್ಕೆ ಕೂತೆವು. ಇಬ್ಬರೂ ಮೆದುಳಿನ ಎಂಆರ್‌ಐ ಬಗ್ಗೆ ಓದುತ್ತಿರುವವರು. ಓಪನ್‌ನ್ಯೂರೋ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಡೇಟಾ ಇದೆ. ಹೆದರಿದ ಮುಖಗಳ ಚಿತ್ರ ತೋರಿಸಿ ಮಾಡಿದ ಒಂದು ಪ್ರಯೋಗದ ಡೇಟಾವನ್ನು ಇಬ್ಬರೂ ತಗೊಂಡೆವು. ಪ್ರಶ್ನೆಯೂ ಒಂದೇ: ಆಗ ಅಮಿಗ್ಡಲಾ ಎಂಬ ಪುಟ್ಟ ಭಾಗ ಚುರುಕಾಗುತ್ತದಾ, ಇಲ್ವಾ? ಕೆಲಸ ಮುಗಿಯುವ ತನಕ ಒಬ್ಬರದ್ದು ಇನ್ನೊಬ್ಬರು ನೋಡಬಾರದು ಅಂತ ಮಾತಾಡಿಕೊಂಡಿದ್ದೆವು.

ಸಂಜೆ ಎರಡೂ ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟೆವು. ಚುರುಕಾದ ಜಾಗಕ್ಕೆ ಬಣ್ಣ ಹಾಕಿ ತೋರಿಸುವ ಮೆದುಳಿನ ನಕ್ಷೆ ಎರಡರಲ್ಲೂ ತೆರೆದಿತ್ತು. ಅವಳ ನಕ್ಷೆಯಲ್ಲಿ ಎಡಗಡೆ ಅಮಿಗ್ಡಲಾದ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ. ನನ್ನದರಲ್ಲಿ ಅದೇ ಜಾಗ ಬರೀ ಬೂದು.

ಇಬ್ಬರ ಕಡತಗಳನ್ನೂ ಸಾಲು ಸಾಲಾಗಿ ಹೋಲಿಸಿದೆವು. ಡೇಟಾದಲ್ಲಿರುವ ಗದ್ದಲ, ಅಂದರೆ ಸಂಕೇತವಲ್ಲದ ಏರಿಳಿತ, ಕಡಿಮೆ ಮಾಡಲು ಪ್ರತಿ ಬಿಂದುವನ್ನು ಸುತ್ತಲಿನ ಬಿಂದುಗಳ ಜೊತೆ ಬೆರೆಸಿ ನಯಗೊಳಿಸುತ್ತಾರೆ. ಎಷ್ಟು ಅಗಲಕ್ಕೆ ಬೆರೆಸುವುದು ಅನ್ನುವುದನ್ನು ಅವಳು 8 ಮಿ.ಮೀ. ಇಟ್ಟಿದ್ದಳು, ನಾನು 4. ಜಾಸ್ತಿ ಬೆರೆಸಿದರೆ ಗದ್ದಲ ತಗ್ಗುತ್ತದೆ, ಆದರೆ ಪಕ್ಕದ ಭಾಗದ ಸಂಕೇತವೂ ಇಲ್ಲಿಗೆ ಹರಿಯಬಹುದು. ಇನ್ನೊಂದು, ತಲೆ ಅಲುಗಾಟ. ಸ್ಕ್ಯಾನರ್ ಒಳಗೆ ಮಲಗಿದವರು ಉಸಿರಾಡುವಾಗಲೂ ತಲೆ ಸ್ವಲ್ಪ ಅಲುಗುತ್ತದೆ. ಸ್ಕ್ಯಾನರ್ ತೆಗೆದ ಒಂದು ಚಿತ್ರದಿಂದ ಮುಂದಿನದಕ್ಕೆ 0.5 ಮಿ.ಮೀ.ಗಿಂತ ಜಾಸ್ತಿ ಅಲುಗಿದ್ದನ್ನು ಮಾತ್ರ ಅವಳು ತೆಗೆದಿದ್ದಳು. ನನ್ನ ಗೆರೆ 0.2. ಹಾಗಾಗಿ ನನ್ನಲ್ಲಿ ಉಳಿದ ಚಿತ್ರಗಳೇ ಕಡಿಮೆ.

ಇದರಲ್ಲಿ ಯಾವುದೂ ತಪ್ಪಲ್ಲ. ಈ ಎಲ್ಲ ಸಂಖ್ಯೆಗಳನ್ನೂ ಪ್ರಕಟವಾದ ಪ್ರಬಂಧಗಳಲ್ಲಿ ನೋಡಬಹುದು.

ಹೊರಗೆ ಜಗಲಿಯಲ್ಲಿ ಅಪ್ಪ ಚಾಲಿ ಅಡಿಕೆ ಹೆಕ್ಕುತ್ತಿದ್ದರು. ಅದೇ ರಾಶಿಯನ್ನು ಬೇರೆಯವರು ಹೆಕ್ಕಿದರೆ ಪಟೋರ, ಕರಿಗೋಟು ಎಂಬ ದರ್ಜೆಗಳು ಎಷ್ಟೆಷ್ಟು ಅನ್ನುವ ಲೆಕ್ಕ ಬೇರೆಯೇ ಬರುತ್ತದೆ ಅಲ್ವಾ? ಆದರೆ ಅಡಿಕೆ ಕಣ್ಣೆದುರೇ ಇರುತ್ತದೆ, ಅನುಮಾನ ಬಂದರೆ ಮತ್ತೆ ಹೆಕ್ಕಬಹುದು. ಪ್ರಬಂಧ ಓದುವವರಿಗೆ ಸಿಗುವುದು ಸಾಮಾನ್ಯವಾಗಿ ಹೆಕ್ಕಿ ಮುಗಿದ ಚಿತ್ರ ಮಾತ್ರ.

ನಮ್ಮ ಮನೆಯಲ್ಲಿ ಆದದ್ದು ದೊಡ್ಡ ಮಟ್ಟದಲ್ಲೂ ಆಗಿದೆ. 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 108 ಜನರ ಒಂದೇ ಡೇಟಾವನ್ನು 70 ತಂಡಗಳಿಗೆ ಕೊಟ್ಟು, ಒಂದೇ 9 ಊಹೆಗಳನ್ನು ಪರೀಕ್ಷಿಸಲು ಹೇಳಿದ್ದರು. ಪೂರ್ತಿ ಒಂದೇ ದಾರಿಯಲ್ಲಿ ಹೋದ ಎರಡು ತಂಡಗಳೂ ಇರಲಿಲ್ಲ. ಹಲವು ಊಹೆಗಳಿಗೆ ಉತ್ತರವೂ ಬೇರೆ ಬೇರೆ ಬಂತು. ದಾರಿ ಹಾಗಿರಲಿ, ಯಂತ್ರವೂ ಲೆಕ್ಕಕ್ಕೆ ಬರುತ್ತದೆ. ಮೆದುಳಿನ ಚಿತ್ರಗಳನ್ನು ಅಳೆಯುವ ಫ್ರೀಸರ್ಫರ್ ತಂತ್ರಾಂಶದ ಆವೃತ್ತಿ ಅಥವಾ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಬದಲಾದರೆ ಅದೇ ಮೆದುಳಿನ ಭಾಗಗಳ ಅಳತೆ ಬದಲಾಗುತ್ತದೆ ಎಂದು 2012ರಲ್ಲೇ ತೋರಿಸಿದ್ದಾರೆ.

ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಇರುವಷ್ಟು ಹೊತ್ತು ಒಂದು ನೋಡೋಣ ಅಂದಳು ಅವಳು. ಇಷ್ಟಕ್ಕಿಂತ ಮೇಲಿದ್ದರೆ ಮಾತ್ರ ಬಣ್ಣ ಹಾಕು ಅನ್ನುವ ಮಿತಿಯನ್ನು ಇಬ್ಬರ ನಕ್ಷೆಯಿಂದಲೂ ತೆಗೆದೆವು. ಆಗ ಕಂಡದ್ದು ನನಗೆ ನಿಜಕ್ಕೂ ಸಂತೋಷ ಕೊಟ್ಟಿತು. ಎರಡೂ ನಕ್ಷೆಗಳು ತುಂಬ ಹತ್ತಿರದವು! ನನ್ನ ಅಮಿಗ್ಡಲಾದಲ್ಲೂ ಸಂಕೇತ ಇತ್ತು, ಗೆರೆಗಿಂತ ಒಂಚೂರು ಕೆಳಗೆ. ಅವಳದ್ದು ಒಂಚೂರು ಮೇಲೆ. ಇಷ್ಟು ಸಣ್ಣ ಅಂತರ ಪ್ರಬಂಧದಲ್ಲಿ ‘ಇದೆ’, ‘ಇಲ್ಲ’ ಎಂಬ ಎದುರು ಬದುರಾದ ಎರಡು ಮಾತಾಗಿಬಿಡುತ್ತದೆ. ಆ 70 ತಂಡಗಳಲ್ಲೂ ಮಿತಿ ಹಾಕುವ ಮೊದಲಿನ ನಕ್ಷೆಗಳು ಚೆನ್ನಾಗಿ ಹೋಲುತ್ತಿದ್ದರೂ ತೀರ್ಮಾನ ಬೇರೆಯಾದದ್ದಿದೆ.

ಹಾಗಾಗಿ ಮಿತಿ ಹಾಕದ ನಕ್ಷೆಯನ್ನೇ ಎಲ್ಲರಿಗೂ ಸಿಗುವಂತೆ ಇಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆಂದೇ ನ್ಯೂರೋವಾಲ್ಟ್ ಎಂಬ ಜಾಲತಾಣ ಇದೆ, ದುಡ್ಡು ಕೊಡಬೇಕಾಗಿಲ್ಲ. ಜೊತೆಗೆ ನಯಗೊಳಿಸಿದ್ದು ಎಷ್ಟು, ಯಾರನ್ನು ಯಾಕೆ ಬಿಟ್ಟೆವು, ತಂತ್ರಾಂಶದ ಯಾವ ಆವೃತ್ತಿ, ಇವೆಲ್ಲ ಬರೆದಿಡಬೇಕು. ಸಾಧ್ಯವಾದರೆ ಫಲಿತಾಂಶ ನೋಡುವ ಮೊದಲೇ. ಪುಟ ಸಾಲದು ಎಂಬ ನೆವ ಈಗ ನಡೆಯುವುದಿಲ್ಲ.

ಯಾವ ನಕ್ಷೆ ವರದಿಗೆ ಹೋಗಬೇಕು ಎಂದು ಕರೆಂಟು ಬಂದ ಮೇಲೂ ಚರ್ಚೆ ನಡೆಯಿತು. ಚುಕ್ಕೆ ಇರುವುದೇ ಚಂದ ಕಾಣುತ್ತದೆ, ಮೇಷ್ಟ್ರಿಗೂ ಖುಷಿ ಅಂದೆ. ಅವಳು ಒಪ್ಪಲಿಲ್ಲ. ಎರಡನ್ನೂ ಒಂದೇ ಪುಟದಲ್ಲಿ, ಒಂದೇ ಗಾತ್ರದಲ್ಲಿ ಹಾಕಿ ಕಳಿಸಿದೆವು.