ಮ್ಯಾಕ್ ಒಳಗೊಂದು ವಿಂಡೋಸ್, ಅದ್ರೊಳಗೆ ಲಗ್ನಪತ್ರಿಕೆ

ಮ್ಯಾಕ್‌ಗೆ, ಅಂದ್ರೆ ಆಪಲ್ ಕಂಪ್ಯೂಟರ್‌ಗೆ, ಕೋರೆಲ್‌ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರ್ ಬರಲ್ಲ ಅಂತ ದಾವಣಗೆರೇಲಿ ಇವತ್ತಿಗೂ ಹೇಳೋರಿದಾರೆ. ಬರುತ್ತೆ ಕಣ್ರೀ, 2019ರಿಂದ ಮತ್ತೆ ಬರ್ತಿದೆ. ಆದ್ರೂ ನಾನು ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಥರ ನಡೆಯೋ ಸಾಫ್ಟ್‌ವೇರ್) ಹಾಕ್ಕೊಂಡು ಅದ್ರೊಳಗೆ ವಿಂಡೋಸ್ ಓಡಿಸ್ತಿರೋದು ಕೋರೆಲ್ ಸಲುವಾಗಿ ಅಲ್ಲ, ಕನ್ನಡದ ಸಲುವಾಗಿ.

ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆ ಫ್ಲೆಕ್ಸು, ಯಾವ್ದೇ ಹಳೇ ಫೈಲ್ ಪ್ರೆಸ್ಸಿಂದ ತರಿಸ್ಕೊಳ್ಳಿ, ನನ್ನ ಕೈಗೆ ಬರೋವೆಲ್ಲ ನುಡಿ ಥರದ ಆಸ್ಕಿ ಫಾಂಟ್‌ನಲ್ಲೇ ಇರ್ತವೆ. ಈ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ಚೂರುಗಳನ್ನ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕೂರ್ಸಿರ್ತಾರೆ, ಹಂಗಾಗಿ ಫಾಂಟ್ ಇಲ್ದೆ ಫೈಲ್ ತೆಗೆದ್ರೆ 'ನ' ಇರೋ ಕಡೆಯೆಲ್ಲ ಪೌಂಡ್ ಚಿಹ್ನೆ, ವರ ಯಾರು ವಧು ಯಾರು ಆ ದೇವ್ರಿಗೇ ಗೊತ್ತು. ಫಾಂಟ್ ಏನೋ ಮ್ಯಾಕ್‌ಗೂ ಹಾಕ್ಕೋಬೋದು, ಓದೋಕೆ ಸರಿಹೋಗುತ್ತೆ, ಆದ್ರೆ ಟೈಪ್ ಮಾಡೋ ನುಡಿ ತಂತ್ರಾಂಶ ವಿಂಡೋಸ್‌ದು, ಹುಡುಗಿ ಕಡೆಯೋರು ರಾತ್ರಿ ಫೋನ್ ಮಾಡಿ ಸೋದರಮಾವನ ಹೆಸರು ಬಿಟ್ಟೋಗಿದೆ ಅಂದ್ರೆ ಅಲ್ಲೇ ಸಿಕ್ಕಾಕ್ಕೊಳ್ಳೋದು.

ಇಂಟೆಲ್ ಮ್ಯಾಕ್ ಕಾಲದಲ್ಲಿ ವಿಂಡೋಸ್‌ನ ನೇರವಾಗಿ ಮ್ಯಾಕ್‌ಗೇ ಹಾಕೋಕೆ ಬೂಟ್‌ಕ್ಯಾಂಪ್ ಇತ್ತು. 2020ರ ಕೊನೇಲಿ ಆಪಲ್‌ದೇ ಎಂ1 ಚಿಪ್ ಬಂತು, ಅದು ಇಂಟೆಲ್ ಅಲ್ಲ, ಆರ್ಮ್ ಜಾತಿದು, ಅದ್ರಲ್ಲಿ ಬೂಟ್‌ಕ್ಯಾಂಪೇ ಇಲ್ಲ. ಈಗ ವರ್ಚುವಲ್ ಮಷೀನ್ ಮಾಡೋಕೆ ಪ್ಯಾರಲಲ್ಸ್ ಇದೆ, ದುಡ್ಡು ಕೊಡ್ಬೇಕು, ಅದ್ರಲ್ಲಿ ಆರ್ಮ್ ವಿಂಡೋಸ್ 11 ಓಡ್ಸೋಕೆ 2023ರಲ್ಲಿ ಮೈಕ್ರೋಸಾಫ್ಟೇ ಒಪ್ಪಿಗೆ ಕೊಟ್ಟಿದೆ. ಅದೇ ಥರದ್ದು ವಿಎಂವೇರ್ ಫ್ಯೂಷನ್, 2024ರ ನವೆಂಬರ್‌ನಿಂದ ಎಲ್ಲರಿಗೂ ಫ್ರೀ. ಇಂಟೆಲ್‌ಗೆ ಅಂತ ಬರೆದ ಹಳೇ ಕೋರೆಲ್‌ನ ಆರ್ಮ್ ವಿಂಡೋಸ್ ತಾನೇ ಅನುವಾದ ಮಾಡ್ಕೊಂಡು ಓಡ್ಸುತ್ತೆ, 2ಡಿ ಕೆಲ್ಸ ಆದ್ರಿಂದ ತೊಂದ್ರೆ ಇಲ್ಲ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, 8 ಜಿಬಿ ಮ್ಯಾಕ್‌ನಲ್ಲಿ ಅರ್ಧ ಅಲ್ಲಿಗೇ ಹೋಯ್ತು, 16 ಇಲ್ದೆ ಈ ಸಾಹಸ ಬ್ಯಾಡ ಅಂತೀನಿ.

ಎಲ್ಲರೂ ಎಡವೋದು ಡಾಂಗಲ್ ಹತ್ರ, ಅಂದ್ರೆ ಸಾಫ್ಟ್‌ವೇರ್‌ಗೆ ಬೀಗದ ಕೈ ಥರ ಇರೋ ಚಿಕ್ಕ ಕಡ್ಡಿ. ಕೆಲವು ಹಳೇ ಕನ್ನಡ ಫಾಂಟ್ ಪ್ಯಾಕೇಜ್‌ಗಳು ಯುಎಸ್‌ಬಿ ಡಾಂಗಲ್ ಚುಚ್ಚಿದ್ರೆ ಮಾತ್ರ ತೆರೆಯೋದು. ಚುಚ್ಚಿದ ಕೂಡ್ಲೇ ಮ್ಯಾಕ್‌ಗೆ ಕೊಡ್ಲಾ ವಿಂಡೋಸ್‌ಗೆ ಕೊಡ್ಲಾ ಅಂತ ಪ್ಯಾರಲಲ್ಸ್ ಕೇಳುತ್ತೆ, ವಿಂಡೋಸ್ ಅಂತೀರಿ, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ ಬಂದು ಕೂರುತ್ತೆ. ಯಾಕಂದ್ರೆ ಆ ಅನುವಾದ ಇರೋದು ಸಾಫ್ಟ್‌ವೇರ್‌ಗೆ ಮಾತ್ರ, ಡ್ರೈವರ್‌ಗೆ (ಚುಚ್ಚಿದ ಸಾಧನನ ನಡೆಸೋ ಪ್ರೋಗ್ರಾಂ) ಇಲ್ಲ, ಡ್ರೈವರ್‌ನ ಕಂಪನಿಯೋರೇ ಆರ್ಮ್‌ಗೆ ಅಂತ ಮಾಡಿ ಕೊಡ್ಬೇಕು. ಸ್ಟಿಕರ್ ಕತ್ತರ್ಸೋ ಪ್ಲಾಟರ್‌ದೂ ಇದೇ ಕಥೆ, ಪ್ಯಾರಲಲ್ಸ್ ಬದ್ಲು ಫ್ಯೂಷನ್ ಹಾಕಿದ್ರೂ ಬದಲಾಗಲ್ಲ. ಅದಕ್ಕೇ ಅಂಗಡೀಲಿರೋ ಹಳೇ ಪಿಸಿನ ಗುಜರಿಗೆ ಹಾಕ್ಬೇಡಿ. ನನ್ನ ಟೇಬಲ್ ಕೆಳಗೆ ಒಂದು ಈಗ್ಲೂ ಇದೆ, ಧೂಳು ತಿನ್ಕೊಂಡು.

ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಾದ ಬಿಐಇಟಿ, ಯುಬಿಡಿಟಿ ಹುಡುಗ್ರು ಸಾಲಿಡ್‌ವರ್ಕ್ಸ್, ರೆವಿಟ್ ಅನ್ನೋ 3ಡಿ ಡಿಸೈನ್ ಸಾಫ್ಟ್‌ವೇರ್ ಬಗ್ಗೆ ಕೇಳ್ತಾರೆ. ಎರಡಕ್ಕೂ ಮ್ಯಾಕ್ ಆವೃತ್ತಿ ಇಲ್ಲ, 3ಡಿ ಕೆಲ್ಸನ ವರ್ಚುವಲ್ ಮಷೀನ್ ಮೇಲೆ ಹಾಕೋದಕ್ಕಿಂತ ವಿಂಡೋಸ್ ಲ್ಯಾಪ್‌ಟಾಪ್ ತಗೊಳ್ಳಿ ಅಂತೀನಿ. ಆಟೋಕ್ಯಾಡ್ ಒಂದೇ ಸಾಕು ಅಂದ್ರೆ ಅದು ಮ್ಯಾಕ್‌ಗೇ ಸಿಗುತ್ತೆ.

ಇನ್ನೊಂದು, ಪ್ರೆಸ್‌ನೋರ ಹತ್ರ ಯಾವ ಕೋರೆಲ್ ಇದೆ ಅಂತ ಮೊದ್ಲೇ ಕೇಳಿ, ಹೊಸದ್ರಲ್ಲಿ ಸೇವ್ ಮಾಡಿದ್ದು ಹಳೇದ್ರಲ್ಲಿ ತೆರೆಯಲ್ಲ, ಸೇವ್ ಮಾಡೋವಾಗ್ಲೇ ಹಳೇ ವರ್ಷನ್ ಆರಿಸ್ಬೇಕು. ಅಕ್ಷರ ಎಲ್ಲ ಕರ್ವ್ ಮಾಡಿ, ಅಂದ್ರೆ ಫಾಂಟ್ ಬೇಕಿಲ್ಲದ ಗೆರೆಗಳಾಗಿ ಮಾಡಿ ಕಳ್ಸಿ, ಕರ್ವ್ ಮಾಡದಿರೋ ಕಾಪಿ ಒಂದನ್ನ ನಿಮ್ಮ ಹತ್ರ ಇಟ್ಕೊಳ್ಳಿ.