ಐದು ಊರಿನ ಮಗ್ಗಿ

"ಪೋಂದಿಶೆರಿ, ಕಾರಿಕಲ್, ಯಾನಾವೋಂ, ಮಾಹೆ, ಶಾಂದೆರ್ನಗೋರ್."

ಕೆಳಗಿನ ಮನೆ ಅಜ್ಜಿ ಮೊನ್ನೆ ಲಿಫ್ಟಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದರು. ನಾವು ಹದಿಮೂರರ ಮಗ್ಗಿ ಹೇಳುತ್ತಿದ್ದೆವಲ್ಲ, ಹಾಗೆ. ನಾನು ಇಂಡಿಯಾದವಳು ಅಂತ ಗೊತ್ತಾಗಿದ್ದೇ ತಡ, ಇಂಡಿಯಾದಲ್ಲಿ ಫ್ರೆಂಚರ ಕೈಲಿದ್ದ ಐದು ಊರುಗಳ ಹೆಸರು, ಚಿಕ್ಕಂದಿನಲ್ಲಿ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು, ಹೊರಗೆ ಬಂತು. ಆಮೇಲೆ ಬ್ರೆಡ್ಡಿನ ಚೀಲ ಸರಿಮಾಡಿಕೊಳ್ಳುತ್ತಾ "ಅವೆಲ್ಲ ನಮ್ಮವೇ ಆಗಿದ್ದವು" ಅಂದರು, ಮಾರಿಹೋದ ಸೈಟಿನ ಬಗ್ಗೆ ಹೇಳುವ ಹಾಗೆ.

ಚುಚ್ಚಿತು, ಸುಳ್ಳು ಯಾಕೆ ಹೇಳಲಿ.

ನಾವಿರುವುದು ಫ್ರಾನ್ಸಿನ ಲೋರಿಯಾಂನಲ್ಲಿ. ಹೆಸರಿನಲ್ಲೇ 'ಪೂರ್ವ' ಇದೆ. 1664ರಲ್ಲಿ ಶುರುವಾದ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ಹಡಗು ಕಟ್ಟಲು ಜಾಗ ಹುಡುಕಿ ಹುಟ್ಟಿಸಿದ ಊರು. ಮಲಬಾರಿನ ಮೆಣಸು ಇಲ್ಲಿ ಬಂದು ಇಳಿಯುತ್ತಿತ್ತು. ಹಳೇ ಊರು 1943ರ ಬಾಂಬಿಗೆ ಬಹುಪಾಲು ಹೋಯಿತು, ಈಗ ಎಲ್ಲಾ ಸಿಮೆಂಟು.

ನಿಜ ಹೇಳಬೇಕೆಂದರೆ ಇಂಡಿಯಾದಲ್ಲಿ ಫ್ರೆಂಚರ ಆಟ ಕೆಡಿಸಿದ್ದರಲ್ಲಿ ಫ್ರೆಂಚರದ್ದೇ ಪಾಲು ಜಾಸ್ತಿ. 1746ರಲ್ಲಿ ಇಂಗ್ಲಿಷರಿಂದ ಮದ್ರಾಸನ್ನೇ ಕಿತ್ತುಕೊಂಡಿದ್ದರು. ಎರಡೇ ವರ್ಷಕ್ಕೆ, ಕೆನಡಾ ಕಡೆಯ ಲೂಯಿಬೂರ್ ಕೋಟೆ ವಾಪಸ್ ಸಿಗಲಿ ಅಂತ ಯುರೋಪಿನಲ್ಲಿ ಕೂತು ಮದ್ರಾಸ್ ಬಿಟ್ಟುಕೊಟ್ಟರು. ಯುದ್ಧದ ಖರ್ಚು ಅತಿಯಾಯಿತು ಅಂತ 1754ರಲ್ಲಿ ಪಾಂಡಿಚೇರಿಯ ಗವರ್ನರ್ ಡೂಪ್ಲೆಯನ್ನು ವಾಪಸ್ ಕರೆಸಿದರು. 1760ರಲ್ಲಿ ತಮಿಳುನಾಡಿನ ವಾಂಡಿವಾಷ್‌ನಲ್ಲಿ ಇಂಗ್ಲಿಷರಿಗೆ ಸೋತ ಫ್ರೆಂಚ್ ಸೇನಾಪತಿ ಲಾಲಿ ಪಾಂಡಿಚೇರಿಯೊಳಗೆ ಹಸಿದು ಕೂತು ಸಮುದ್ರ ನೋಡಿದ್ದೇ ಬಂತು, ಹಡಗು ಬರಲಿಲ್ಲ. ಮರುವರ್ಷ ಜನವರಿಯಲ್ಲಿ ಶರಣಾದ. ಇಂಗ್ಲಿಷರು ಊರನ್ನು ಕೆಡವಿ ನೆಲಸಮ ಮಾಡಿದರು. ಅಷ್ಟಾದ ಮೇಲೆ 1766ರಲ್ಲಿ ಪ್ಯಾರಿಸ್‌ನವರು ಲಾಲಿಯ ತಲೆ ತೆಗೆದರು, ಪಾಪ. 1763ರ ಒಪ್ಪಂದದಲ್ಲಿ ಊರುಗಳು ವಾಪಸ್ ಸಿಕ್ಕಿದ್ದವು, ಆದರೆ ಹಳೇ ಗತ್ತು ಬರಲಿಲ್ಲ.

ನಮ್ಮ ಶಾಲೆಯಲ್ಲಿ ಇದು 'ಕರ್ನಾಟಿಕ್ ಯುದ್ಧಗಳು', ಐದು ಅಂಕದ ಪ್ರಶ್ನೆ. ಮಂಡ್ಯದ ಆಸುಪಾಸಿನಲ್ಲೇ ನಡೆದದ್ದು ಅಂದುಕೊಂಡಿದ್ದೆ! ನಡೆದದ್ದು ಆರ್ಕಾಟು, ತಿರುಚಿನಾಪಳ್ಳಿ ಕಡೆ. ನಿಜವಾಗಿ ನಮಗೆ ತಾಗಿದ ಮಾಹೆಯ ಸುದ್ದಿಯನ್ನು ಮೇಷ್ಟ್ರು ಎತ್ತಲೇ ಇಲ್ಲ. ಹೈದರಾಲಿಗೆ ಫ್ರೆಂಚರ ಮದ್ದುಗುಂಡು ಬಂದು ಇಳಿಯುತ್ತಿದ್ದ ಬಂದರು ಅದು. 1779ರಲ್ಲಿ ಇಂಗ್ಲಿಷರು ಅದನ್ನು ಹಿಡಿದರು, ಹೈದರ್ ಕೆರಳಿದ, ಮರುವರ್ಷ ಯುದ್ಧ. ಶ್ರೀರಂಗಪಟ್ಟಣದ ಪಕ್ಕದಲ್ಲೇ ಬೆಳೆದ ನನಗೆ ಇದು ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ.

ಇವತ್ತು ಮತ್ತೆ ಲಿಫ್ಟಿನಲ್ಲಿ ಸಿಕ್ಕಿದರು. "ಮಾಹೆ ನೋಡಿದ್ದೀಯಾ? ಹೇಗಿದೆ?"

ನೋಡಿದ್ದೇನೆ. ಕೇರಳಕ್ಕೆ ಹೋದಾಗ ಚಿಕ್ಕಪ್ಪ ಅಲ್ಲಿ ಟೆಂಪೋ ನಿಲ್ಲಿಸಿದ್ದರು, ಎರಡೂ ಥರದ ಎಣ್ಣೆ ಅಗ್ಗ ಅಂತ. ಗಾಡಿಗೂ ಹಾಕಿಸಿದರು, ತಾವೂ ಹಾಕಿಕೊಂಡರು.

"ನದಿ ಚೆನ್ನಾಗಿದೆ ಮೇಡಂ" ಅಂದೆ.