ಲಾಡ್ಜಿನ ಬಚ್ಚಲಿನಿಂದ ಎಚ್‌ಪಿವಿ ಬರುತ್ತದಾ?

ಶಾಲೆಗಳ ಟೂರ್ ಶುರುವಾಗುವ ಹೊತ್ತಿಗೆ ನನಗೆ ಫೋನ್ ಜಾಸ್ತಿ. "ಅಕ್ಕಾ, ಮಗಳು ಟೂರ್ ಹೋಗ್ತಿದ್ದಾಳೆ. ಲಾಡ್ಜಿನ ಬಚ್ಚಲು, ಟಾಯ್ಲೆಟ್ಟು ಯಾರ್ಯಾರೋ ಬಳಸಿರ್ತಾರೆ. ಈ ಎಚ್‌ಪಿವಿ ಅಂತಾರಲ್ಲ, ಅದು ಬಂದುಬಿಟ್ರೆ?" ಶಿವಮೊಗ್ಗದ ಒಂದು ಹೆರಿಗೆ ಆಸ್ಪತ್ರೆಯಲ್ಲಿ 18 ವರ್ಷದಿಂದ ನರ್ಸ್ ಆಗಿದ್ದೇನೆ. ಮದುವೆ ಮನೆಯಲ್ಲೂ, ಹೊಸನಗರದ ಬಸ್ಸಿನಲ್ಲೂ ಇದೇ ಪ್ರಶ್ನೆ.

ಎಚ್‌ಪಿವಿ ಅಂದರೆ ಹ್ಯೂಮನ್ ಪ್ಯಾಪಿಲೋಮಾ ಅನ್ನುವ ವೈರಸ್. ಉತ್ತರ ಮೊದಲೇ ಹೇಳುತ್ತೇನೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರುವ ಎಚ್‌ಪಿವಿ ಟಾಯ್ಲೆಟ್ ಸೀಟಿನಿಂದ ಬರುವುದಿಲ್ಲ. ಈಜುಕೊಳದಿಂದ, ತುಂಗೆಯಲ್ಲಿ ಮುಳುಗು ಹಾಕಿದ್ದರಿಂದ ಬರುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಅದು ಹರಡುವುದು ಗುಪ್ತಾಂಗದ ಚರ್ಮಕ್ಕೆ ಚರ್ಮ ತಾಗಿದಾಗ, ಹೆಚ್ಚಾಗಿ ಲೈಂಗಿಕ ಸಂಪರ್ಕದಲ್ಲಿ. ಮಗಳನ್ನು ಧೈರ್ಯವಾಗಿ ಟೂರಿಗೆ ಕಳಿಸಿ.

ಆದರೆ ಬಚ್ಚಲಿನ ಭಯ ಪೂರ್ತಿ ಸುಳ್ಳಲ್ಲ. ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲಿಗೆ ನರಹುಲಿ ತರುವ ಬಗೆಗಳೇ ಬೇರೆ. ಅವು ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಓಡಾಡಿದರೆ, ಒಬ್ಬರ ಟವೆಲ್ಲು, ರೇಜರ್ ಇನ್ನೊಬ್ಬರು ಬಳಸಿದರೆ ಅಂಟಬಹುದು. ಹಾಗಾಗಿ ಹೊರಗಡೆ ಬಚ್ಚಲಿಗೆ ಹೋಗುವಾಗ ಚಪ್ಪಲಿ ಹಾಕಿಕೊಳ್ಳಲಿ, ಟವೆಲ್ಲು ಮನೆಯಿಂದಲೇ ಒಯ್ಯಲಿ. ಮನೆಯಲ್ಲೂ ಅಷ್ಟೇ. ಅಂಗಾಲಿಗೆ ನರಹುಲಿ ಆದರೆ ಬ್ಲೇಡಿನಿಂದ ಕೆರೆದುಕೊಳ್ಳಬೇಡಿ, ವೈದ್ಯರಿಗೆ ತೋರಿಸಿ. ಈ ನರಹುಲಿ ಮುಂದೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗುವುದಿಲ್ಲ.

ನಮ್ಮ ಮಲೆನಾಡಿನವರಿಗೆ ವೈರಸ್ ಅಂದರೆ ಏನೆಂದು ಹೇಳಿಕೊಡಬೇಕಿಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿತು. ಉಣುಗು ಕಚ್ಚದ ಹಾಗೆ ಮೈಗೆ ಎಣ್ಣೆ ಸವರಿಕೊಂಡು ದರಗು ತರಲು ಹೋಗುವುದು ನಮಗೆ ಗೊತ್ತು. ಆ ಕಾಯಿಲೆಯಲ್ಲಿ ಜ್ವರ ಬರುತ್ತದೆ, ಮೈಕೈ ನೋಯುತ್ತದೆ. ಎಚ್‌ಪಿವಿ ಹಾಗಲ್ಲ. ಬಂದದ್ದೇ ಗೊತ್ತಾಗುವುದಿಲ್ಲ. ಲೈಂಗಿಕ ಜೀವನ ಇರುವ ಬಹುತೇಕ ಗಂಡಸರಿಗೂ ಹೆಂಗಸರಿಗೂ ಯಾವಾಗಲಾದರೂ ಒಮ್ಮೆ ಅದು ಬಂದಿರುತ್ತದೆ. ಹತ್ತರಲ್ಲಿ ಒಂಬತ್ತು ಜನರಲ್ಲಿ ಒಂದೆರಡು ವರ್ಷದೊಳಗೆ ದೇಹವೇ ಅದನ್ನು ಅಡಗಿಸಿಬಿಡುತ್ತದೆ. ಹಾಗೆ ಹೋಗದೆ ಕೂತ ವೈರಸ್ಸೇ ಅಪಾಯ. ಅದರಿಂದ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದವರಲ್ಲಿ ಇದು ಬೇಗ ಆಗುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಕಳೆದ ಮಳೆಗಾಲದಲ್ಲಿ ಒಬ್ಬಾಕೆಯ ಪರೀಕ್ಷೆಯಲ್ಲಿ ಎಚ್‌ಪಿವಿ ಇದೆ ಅಂತ ಬಂತು. ಜೊತೆಗೆ ಬಂದಿದ್ದ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ಇದು ಎಲ್ಲಿಂದ ತಂದ್ಲು ಇವಳು?" ಅಂದರು. ಸೊಸೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಅಮ್ಮಾ, ಅದು ಯಾವತ್ತು ಬಂತು, ಯಾರಿಂದ ಬಂತು ಅಂತ ಯಾವ ಪರೀಕ್ಷೆಯೂ ಹೇಳುವುದಿಲ್ಲ ಅಂದೆ. ಗಂಡನಿಂದಲೇ ಬಂದಿರಬಹುದು. ಎಷ್ಟೋ ವರ್ಷದಿಂದ ಸುಮ್ನೆ ಇದ್ದು ಈಗ ಕಾಣಿಸಿರಬಹುದು. ಆ ರಿಪೋರ್ಟು ನಡತೆಯ ಸರ್ಟಿಫಿಕೇಟ್ ಅಲ್ಲ. ಬಚ್ಚಲಿನ ಮೇಲೆ ತಪ್ಪು ಹೊರಿಸುವುದಕ್ಕೂ ಈ ನಾಚಿಕೆಯೇ ಕಾರಣ ಅನ್ನಿಸುತ್ತದೆ ನನಗೆ. ಬಚ್ಚಲಿನ ಬಗ್ಗೆ ಮಾತಾಡುವುದು ಸುಲಭ, ಅಲ್ವಾ?

ಕೆಲಸಕ್ಕೆಂದು ಊರು ಬಿಟ್ಟು ಇರುವವರಿಗೆ, ತಿರುಗಾಟದಲ್ಲಿ ಹೊಸ ಸಂಬಂಧ ಆಗುವವರಿಗೆ ಕಾಂಡೋಮ್ ಬೇಕೇ ಬೇಕು. ಅದು ಮುಚ್ಚದ ಕಡೆ ಚರ್ಮ ತಾಗುವುದರಿಂದ ಪೂರ್ತಿ ತಡೆಯುವುದಿಲ್ಲ, ಆದರೂ ಅಪಾಯ ಕಡಿಮೆ ಮಾಡುತ್ತದೆ.

ನಿಜವಾದ ಕಾವಲು ಲಸಿಕೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ನಲ್ಲಿ ಸುಮಾರು ನೂರಕ್ಕೆ 70 ಪಾಲು 16 ಮತ್ತು 18ನೇ ಬಗೆಯ ವೈರಸ್‌ನಿಂದ ಆಗುವಂಥದ್ದು. ಲಸಿಕೆ ಇವೆರಡನ್ನೂ ತಡೆಯುತ್ತದೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 2023ರಿಂದ ನಮ್ಮಲ್ಲೂ ಇದೆ. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. 15 ತುಂಬಿದ ಮೇಲಾದರೆ ಮೂರು. ಒಂದೇ ಡೋಸ್ ಕೂಡ 9ರಿಂದ 14 ವರ್ಷದವರಿಗೆ ಒಳ್ಳೆಯ ರಕ್ಷಣೆ ಕೊಡುತ್ತದೆ ಎಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. "ಇಷ್ಟು ಚಿಕ್ಕವಳಿಗೆ ಯಾಕೆ?" ಅಂತ ಕೇಳುತ್ತಾರೆ. ವೈರಸ್ ಮೈಗೆ ತಾಗುವ ಮೊದಲೇ ಹಾಕಿಸಿದರೆ ಮಾತ್ರ ಪೂರ್ತಿ ಲಾಭ, ಅದಕ್ಕೇ. ಬಂದ ವೈರಸ್ಸನ್ನು ಲಸಿಕೆ ಓಡಿಸುವುದಿಲ್ಲ. ಮಗಳು ಹಾಸ್ಟೆಲ್ ಸೇರಿ ಎರಡನೇ ಡೋಸ್ ತಡವಾಯಿತಾ? ಮೊದಲಿಂದ ಶುರು ಮಾಡಬೇಕಿಲ್ಲ, ರಜೆಗೆ ಬಂದಾಗ ಹಾಕಿಸಿ. ಮೆಡಿಕಲ್ ಶಾಪಿನಿಂದ ಲಸಿಕೆ ತಂದು ಮನೆ ಫ್ರಿಜ್ಜಿನಲ್ಲಿ ಇಡುವುದು ಮಾತ್ರ ಬೇಡ. ಅದು 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಯಾರಿಗೆ ಗೊತ್ತು? ಗಂಡುಮಕ್ಕಳಿಗೂ ಹಾಕಿಸಬಹುದು. ಎಚ್‌ಪಿವಿ ಗಂಡಸರಿಗೆ ಗಂಟಲಿನ ಕ್ಯಾನ್ಸರನ್ನೂ ತರುತ್ತದೆ.

ಮಗಳ ಲಸಿಕೆ ವಿಚಾರಿಸಿದ ತಾಯಂದಿರಿಗೆ ನಾನೊಂದು ಪ್ರಶ್ನೆ ಕೇಳುತ್ತೇನೆ: "ನಿಮ್ಮ ಪರೀಕ್ಷೆ ಆಗಿದೆಯಾ?" ಹೆಚ್ಚಿನವರು ಇಲ್ಲ ಅನ್ನುತ್ತಾರೆ. 30 ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ಗರ್ಭಕೋಶದ ಬಾಯಿಯ ಪರೀಕ್ಷೆ ಬೇಕು, ಲಸಿಕೆ ಹಾಕಿಸಿಕೊಂಡವರಿಗೂ ಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡುವ ಒಂದು ಪರೀಕ್ಷೆ ತುಂಬಾ ಸರಳ. ಗೋಬಿ ಮಂಚೂರಿಗೆ ಹಾಕುವ ವಿನೆಗರ್‌ನಲ್ಲಿ ಇರುತ್ತದಲ್ಲ, ಅದೇ ಅಸಿಟಿಕ್ ಆಮ್ಲವನ್ನು ತೆಳುವಾಗಿ ಗರ್ಭಕೋಶದ ಬಾಯಿಗೆ ಸವರುತ್ತಾರೆ. ಅಲ್ಲಿ ಚರ್ಮ ಬದಲಾಗಿದ್ದರೆ ಒಂದು ನಿಮಿಷದಲ್ಲಿ ಬೆಳ್ಳಗೆ ಕಾಣುತ್ತದೆ. ಆ ಹಂತದಲ್ಲೇ ಸಿಕ್ಕಿದರೆ ಕ್ಯಾನ್ಸರ್ ಆಗದ ಹಾಗೆ ತಡೆಯಬಹುದು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋದರೆ, ಬಿಳಿ ಸೆರಗು ವಾಸನೆ ಬಂದರೆ ಐದು ವರ್ಷದ ಲೆಕ್ಕ ಹಿಡಿದು ಕೂರಬೇಡಿ, ಅವತ್ತೇ ಬನ್ನಿ.

ನನ್ನ ನಾದಿನಿಗೆ 43. "ನಂಗೇನೂ ತೊಂದ್ರೆ ಇಲ್ಲ ಅತ್ತಿಗೆ, ಕೊನೆಕೊಯ್ಲು ಮುಗೀಲಿ" ಅಂತ ಎರಡು ವರ್ಷ ತಳ್ಳಿದಳು. ಕೊಯ್ಲಾದ ಮೇಲೆ ಅಡಿಕೆ ಸುಲಿಯುವುದು, ಅದಾದ ಮೇಲೆ ಮದುವೆಗಳು. ಈ ಸಲ ಸುಲಿಯುವ ಚಪ್ಪರಕ್ಕೇ ಹೋಗಿ ಕೂತೆ. ತೊಂದರೆ ಇಲ್ಲದಾಗಲೇ ಮಾಡಿಸುವ ಪರೀಕ್ಷೆ ಇದು ಅಂತ ಬಿಡಿಸಿ ಹೇಳಿದೆ. ಪಕ್ಕದಲ್ಲಿ ಸುಲಿಯುತ್ತಿದ್ದ ಇನ್ನಿಬ್ಬರೂ ಕೇಳಿಸಿಕೊಂಡರು. ಬುಧವಾರ ಬೆಳಗಿನ ಬಸ್ಸಿಗೆ ಮೂವರೂ ಬರುತ್ತಿದ್ದಾರೆ.